ಕ್ರೈಸ್ತರು ಕಂಡ ಕನ್ನಡ ಸಂಸ್ಕೃತಿ

ಕ್ರೈಸ್ತಧರ್ಮವು ಸಂಸ್ಕೃತಿಯನ್ನು ಕುರಿತು ಏನು ಹೇಳುತ್ತದೆ ಎಂದು ಕೇಳಿದರೆ ನಮ್ಮಲ್ಲಿ ಎರಡು ಸಿದ್ಧ ಉತ್ತರಗಳಿವೆ. ಹೊರಗಿನಿಂದ ಬಂದ ಮತವು ನಾಡಿನ ನಡೆನುಡಿಯನ್ನು ಅಳಿಸಿತೆಂಬುದು ಒಂದು. ಪಾದ್ರಿಗಳು ಬಾರದಿದ್ದರೆ ಕನ್ನಡಕ್ಕೆ ಪತ್ರಿಕೆಯೆಲ್ಲಿ, ನಿಘಂಟೆಲ್ಲಿ ಎಂಬುದು ಇನ್ನೊಂದು. ಮೊದಲನೆಯದನ್ನು ಭಾಷಣಗಳಲ್ಲಿ ಕೇಳುತ್ತೇವೆ. ಎರಡನೆಯದನ್ನು ಸ್ಮರಣಸಂಚಿಕೆಗಳಲ್ಲಿ ಓದುತ್ತೇವೆ. ಎರಡೂ ಮೂಲ ಪ್ರಶ್ನೆಯನ್ನು ಮುಟ್ಟುವುದಿಲ್ಲ. ತಾನು ಹುಟ್ಟಿ ಬೆಳೆದ ಜನದ ಊಟ, ಉಡುಗೆ, ಹಾಡು, ನೆಂಟಸ್ತನ, ಹಬ್ಬ, ಕಸುಬು, ಮಾತು ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು, ಬಿಟ್ಟರೆ ಯಾರ ಮನೆಯ ಒಲೆ ಆರುತ್ತದೆ ಎಂಬುದು ಹೊಸದಾಗಿ ಕ್ರೈಸ್ತನಾದವನಿಗೆ ದಿನದಿನದ ಪ್ರಶ್ನೆಯಾಗಿತ್ತು. ಕನ್ನಡ ನಾಡಿನಲ್ಲಿಯೂ ಅದರ ಅಂಚುಗಳಲ್ಲಿಯೂ ಈ ಪ್ರಶ್ನೆಗೆ ಬಂದ ಉತ್ತರಗಳನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಪ್ರಶ್ನೆಯು ಕ್ರೈಸ್ತಧರ್ಮದಷ್ಟೇ ಹಳೆಯದು. ಗ್ರೀಸ್ ದೇಶದ ಕೊರಿಂಥ ಪಟ್ಟಣದಲ್ಲಿ ಮೊದಲನೆಯ ಶತಮಾನದ ಕ್ರೈಸ್ತರಿಗೆ ಒಂದು ತೊಡಕು ಬಂದಿತ್ತು. ಅಲ್ಲಿ ಪೇಟೆಯಲ್ಲಿ ಮಾರುವ ಮಾಂಸದಲ್ಲಿ ಗುಡಿಗಳಲ್ಲಿ ಬಲಿಕೊಟ್ಟ ಪ್ರಾಣಿಗಳದೂ ಇರುತ್ತಿತ್ತು. ಅದನ್ನು ತಿನ್ನಬಹುದೆ? ವಿಗ್ರಹದಲ್ಲಿ ಏನೂ ಇಲ್ಲವೆಂದ ಮೇಲೆ ತಿಂದರೆ ದೋಷವೇನು ಎಂದು ತಿಳಿದವರು ಕೇಳಿದರು. ನಿನ್ನೆ ಮೊನ್ನೆಯವರೆಗೆ ಅದೇ ಗುಡಿಯಲ್ಲಿ ಕೈಮುಗಿದಿದ್ದವರಿಗೆ ಮಾತ್ರ ಆ ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ಪೌಲನು ಆ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ಇದಕ್ಕೆ ಕೊಟ್ಟ ಉತ್ತರ ವಿಚಿತ್ರವಾಗಿದೆ. ಪೇಟೆಯ ಮಾಂಸವನ್ನು ವಿಚಾರಣೆಯಿಲ್ಲದೆ ತಿನ್ನಿರಿ ಎನ್ನುತ್ತಾನೆ. ಆದರೆ ನೀವು ತಿನ್ನುವುದನ್ನು ಕಂಡು ದುರ್ಬಲನಾದ ಸಹೋದರನು ಎಡವುವುದಾದರೆ ಬಿಟ್ಟುಬಿಡಿರಿ ಎಂದೂ ಹೇಳುತ್ತಾನೆ. ಅಂದರೆ ಅಳತೆಗೋಲು ಪದಾರ್ಥವಲ್ಲ, ಪಕ್ಕದಲ್ಲಿ ಕುಳಿತ ಮನುಷ್ಯ. ಸಂಸ್ಕೃತಿಯನ್ನು ಕುರಿತ ಕ್ರೈಸ್ತ ವಿಚಾರಕ್ಕೆಲ್ಲ ಈ ಮಾತು ಬೀಜದಂತಿದೆ. ದುರ್ಬಲ ಸಹೋದರನು ಯಾರು ಎಂಬುದನ್ನು ಮಾತ್ರ ಪೌಲನು ಮುಂದಿನವರ ವಿವೇಚನೆಗೆ ಬಿಟ್ಟ. ಜಗಳವೆಲ್ಲ ಹುಟ್ಟಿದ್ದು ಅಲ್ಲಿಯೇ.

ಅಮೆರಿಕೆಯ ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಿಚರ್ಡ್ ನೀಬೂರ್ 1951ರಲ್ಲಿ ಪ್ರಕಟಿಸಿದ ‘ಕ್ರಿಸ್ತನೂ ಸಂಸ್ಕೃತಿಯೂ’ ಎಂಬ ಗ್ರಂಥದಲ್ಲಿ ಕ್ರೈಸ್ತರು ಕೊಟ್ಟ ಉತ್ತರಗಳನ್ನು ಐದು ಬಗೆಯಾಗಿ ವಿಂಗಡಿಸಿದರು. ಸಂಸ್ಕೃತಿಯನ್ನು ತೊರೆಯುವವರು, ಅದರೊಡನೆ ಒಂದಾಗುವವರು, ಅದರ ಮೇಲೆ ಇನ್ನೊಂದು ಅಂತಸ್ತು ಕಟ್ಟುವವರು, ಎರಡು ರಾಜ್ಯಗಳಲ್ಲಿ ಏಕಕಾಲಕ್ಕೆ ಬಾಳುವವರು, ಅದನ್ನು ಮಾರ್ಪಡಿಸಲು ಹೊರಡುವವರು. ವಿಂಗಡಣೆ ಚೆನ್ನಾಗಿದೆ, ಇಂದಿಗೂ ದೇವಶಾಸ್ತ್ರದ ಕಾಲೇಜುಗಳಲ್ಲಿ ಅದನ್ನು ಪಾಠ ಹೇಳುತ್ತಾರೆ. ಆದರೆ ನಮ್ಮ ನಾಡಿನ ಮನುಷ್ಯರನ್ನು ತೆಗೆದುಕೊಂಡರೆ ಒಬ್ಬನೂ ಒಂದೇ ಗೂಡಿನಲ್ಲಿ ನಿಲ್ಲುವುದಿಲ್ಲ. ಜಾತಿಯ ವಿಷಯದಲ್ಲಿ ತೊರೆಯುವವನು ಹಾಡಿನ ವಿಷಯದಲ್ಲಿ ಒಂದಾಗುತ್ತಾನೆ.

ದಕ್ಷಿಣದಲ್ಲಿ ಮೊದಲ ದೊಡ್ಡ ಪ್ರಯೋಗ ನಡೆದದ್ದು ಮಧುರೆಯಲ್ಲಿ. ಇಟಲಿಯ ಜೆಸ್ವಿತ್ ಪಾದ್ರಿ ರೊಬೆರ್ತೊ ದೆ ನೊಬಿಲಿ 1606ರಲ್ಲಿ ಅಲ್ಲಿಗೆ ಬಂದು ಕಾವಿಯುಟ್ಟು, ಮಾಂಸ ಬಿಟ್ಟು, ತಮಿಳನ್ನೂ ಸಂಸ್ಕೃತವನ್ನೂ ಕಲಿತು ಸಂನ್ಯಾಸಿಯಂತೆ ಬಾಳಿದನು. ಜನಿವಾರ, ಜುಟ್ಟು, ಗಂಧ ಇವು ಲೋಕಾಚಾರವೇ ಹೊರತು ಮತವಲ್ಲ, ಆದುದರಿಂದ ಕ್ರೈಸ್ತನಾದ ಬ್ರಾಹ್ಮಣನು ಅವನ್ನು ಉಳಿಸಿಕೊಳ್ಳಬಹುದು ಎಂಬುದು ಆತನ ವಾದ. ಸ್ವಜನರಿಂದಲೇ ವಿರೋಧ ಬಂದು ವ್ಯಾಜ್ಯ ರೋಮಿನವರೆಗೆ ಹೋಯಿತು. 1623ರಲ್ಲಿ ಹದಿನೈದನೆಯ ಗ್ರೆಗೊರಿ ಪೋಪರು ಕೆಲವು ನಿಬಂಧನೆಗಳೊಡನೆ ಒಪ್ಪಿಗೆ ಕೊಟ್ಟರು. ಆ ಶತಮಾನದ ನಡುಭಾಗದಲ್ಲಿ ಮೈಸೂರು ಸೀಮೆಗೆ ಬಂದ ಲೆಯೊನಾರ್ದೊ ಚಿನ್ನಮಿಯೂ ಇದೇ ಪರಂಪರೆಯವನು. ಪರಧರ್ಮದವನೊಬ್ಬನು ನಮ್ಮ ಶಾಸ್ತ್ರವನ್ನು ಕಲಿತು ನಮ್ಮ ಮಾತಿನಲ್ಲಿಯೇ ನಮ್ಮೊಡನೆ ವಾದಿಸಿದನೆಂಬುದು ಹೆಮ್ಮೆಯ ಸಂಗತಿ. ಆದರೆ ಆಚಾರವೆಂಬ ಬಾಗಿಲನ್ನು ತೆರೆದೊಡನೆ ಜಾತಿಯೂ ಅದೇ ಬಾಗಿಲಿನಿಂದ ಒಳಗೆ ಬಂದಿತು. ಮೇಲಿನವರಿಗೆ ಬ್ರಾಹ್ಮಣ ಸಂನ್ಯಾಸಿಯ ವೇಷದ ಗುರುಗಳು, ಕೆಳಗಿನವರಿಗೆ ಪಂಡಾರಸ್ವಾಮಿಗಳೆಂಬ ಬೇರೆ ಗುರುಗಳು. ಎಡವಬಾರದೆಂದು ಯಾರನ್ನು ಕಾಪಾಡಲಾಯಿತೋ ಆತನು ದುರ್ಬಲನಾಗಿರಲಿಲ್ಲ. 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಈ ವಾದಗಳಿಗೆ ಕಟ್ಟಕಡೆಯ ತೀರ್ಪು ಕೊಟ್ಟು ಬಹುಪಾಲು ಆಚಾರಗಳನ್ನು ನಿಷೇಧಿಸಿದರು.

ಕನ್ನಡಕ್ಕೆ ಹೆಚ್ಚು ಸಂಬಂಧಪಟ್ಟದ್ದು ಎರಡನೆಯ ಪ್ರಯೋಗ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಮಿಶನ್ನಿನ ಮೊದಲ ಮೂವರಾದ ಹೆಬಿಕ್, ಲೇನರ್, ಗ್ರೈನರ್ ಎಂಬವರು 1834ರ ಅಕ್ಟೋಬರಿನಲ್ಲಿ ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಈ ಮಿಶನ್ನಿನವರಲ್ಲಿ ಅನೇಕರು ದಕ್ಷಿಣ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯವರು. ಭಕ್ತಿಯೂ ಕಟ್ಟುನಿಟ್ಟೂ ಕೂಡಿದ ಪಂಥದ ಮನೆಗಳಲ್ಲಿ ಬೆಳೆದವರು. ಅವರ ಊರಿನಲ್ಲಿ ಇಸ್ಪೀಟು, ಕುಣಿತ, ನಾಟಕ, ಕುಡಿತ ಎಲ್ಲವೂ ಒಂದೇ ಪಟ್ಟಿಯಲ್ಲಿದ್ದುವು. ತುಳುನಾಡಿಗೆ ಬಂದಾಗ ಅದೇ ಪಟ್ಟಿಗೆ ಭೂತಕೋಲ, ಕೋಳಿಅಂಕ, ಕಳ್ಳು, ಬಯಲಾಟ ಸೇರಿಕೊಂಡುವು. ಇದರಲ್ಲಿ ಎಷ್ಟು ಸುವಾರ್ತೆ, ಎಷ್ಟು ವ್ಯುರ್ಟೆಂಬೆರ್ಗಿನ ಹಳ್ಳಿಯ ಮರ್ಯಾದೆ ಎಂದು ಬೇರ್ಪಡಿಸುವುದು ಅವರಿಗೇ ಸಾಧ್ಯವಿರಲಿಲ್ಲ. ತನ್ನ ಸಂಸ್ಕೃತಿ ಯಾರಿಗೂ ಸಂಸ್ಕೃತಿಯಾಗಿ ಕಾಣುವುದಿಲ್ಲ. ಸರಿಯಾದ ನಡತೆಯಾಗಿಯೇ ಕಾಣುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅವರು ಮಧುರೆಯ ದಾರಿಯನ್ನು ಬಿಟ್ಟು ನೇರವಾಗಿ ನಡೆದರು. ಕರ್ತನ ಭೋಜನದಲ್ಲಿ ಒಂದೇ ಬಟ್ಟಲು. ಅದರಿಂದ ಕುಡಿಯಲು ಒಪ್ಪದವನಿಗೆ ಸಭೆಯಲ್ಲಿ ಸ್ಥಳವಿಲ್ಲ. ಇದರ ಬೆಲೆ ಸಣ್ಣದಾಗಿರಲಿಲ್ಲ. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾಯ ಕೌಂಡಿನ್ಯರು ಮಂಗಳೂರಿನಲ್ಲಿ ದೀಕ್ಷಾಸ್ನಾನ ಹೊಂದಿದಾಗ ಊರಿನಲ್ಲಿ ದೊಡ್ಡ ಗದ್ದಲವೆದ್ದಿತು. ಆಗಿನ ಧರ್ಮಶಾಸ್ತ್ರದ ಪ್ರಕಾರ ಮತಾಂತರ ಹೊಂದಿದವನು ಪಿತ್ರಾರ್ಜಿತದ ಹಕ್ಕನ್ನೂ ಕಳೆದುಕೊಳ್ಳುತ್ತಿದ್ದನು. ಅದನ್ನು ತಪ್ಪಿಸಲು ಕಂಪೆನಿ ಸರಕಾರ ಶಾಸನ ಮಾಡಿದ್ದು 1850ರಲ್ಲಿ. ಕೌಂಡಿನ್ಯರು ಬಾಸೆಲಿಗೆ ಹೋಗಿ ವಿದ್ಯಾಭ್ಯಾಸ ಮಾಡಿ 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದರು.

ಓದಿದ ಬ್ರಾಹ್ಮಣನಿಗೆ ದಾರಿ ಇತ್ತು. ಬಿಲ್ಲವನಿಗೆ? ಮಂಗಳೂರು ಸೀಮೆಯಲ್ಲಿ ಮಿಶನ್ನಿಗೆ ಸೇರಿದವರಲ್ಲಿ ಬಿಲ್ಲವರೇ ಬಹಳ. ಮೂರ್ತೆ ಅವರ ಕುಲಕಸುಬು. ಕಳ್ಳನ್ನು ಖಂಡಿಸುವ ಸಭೆಯಲ್ಲಿ ಕಳ್ಳು ಇಳಿಸುವವನು ಹೇಗೆ ಇರಬೇಕು? ಗೇಣಿಯ ಭೂಮಿಗೂ ಧಣಿಯ ಮನೆಯ ಭೂತದ ಸೇವೆಗೂ ಗಂಟು ಬಿದ್ದಿತ್ತು. ಸೇವೆಯನ್ನು ಬಿಟ್ಟವನಿಗೆ ಗದ್ದೆಯೂ ಉಳಿಯುವ ಭರವಸೆ ಇರಲಿಲ್ಲ. ನೀತಿಯ ಒಂದು ತೀರ್ಪು ಹೀಗೆ ಅನ್ನದ ಪ್ರಶ್ನೆಯಾಗಿ ಮಿಶನ್ನಿನ ಬಾಗಿಲಿಗೇ ಬಂದು ನಿಂತಿತು. ಅಚ್ಚುಕೂಟ, ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಪ್ರಾರಂಭಿಸಿದ ಹಂಚಿನ ಕಾರ್ಖಾನೆ ಇವೆಲ್ಲ ಬೆಳೆದದ್ದು ಈ ಒತ್ತಡದಿಂದ. ಮಂಗಳೂರು ಹಂಚಿನ ಕೀರ್ತಿಯನ್ನು ಎಲ್ಲರೂ ಬಲ್ಲರು. ಒಂದು ಕಸುಬನ್ನು ಬಿಡೆಂದು ಹೇಳಿದವರು ಇನ್ನೊಂದನ್ನು ಕೊಡಬೇಕಾಯಿತೆಂಬ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಹೊಸ ಕಸುಬಿನೊಡನೆ ಹೊಸ ಅವಲಂಬನೆಯೂ ಬಂದಿತು, ಏಕೆಂದರೆ ಪ್ರಾರ್ಥನೆಯ ಮನೆಯನ್ನು ನಡೆಸುವವರೂ ಸಂಬಳ ಕೊಡುವವರೂ ಒಂದೇ ಮಿಶನ್ನಿನವರು. 1914ರ ಮಹಾಯುದ್ಧದ ಪರಿಣಾಮವಾಗಿ ಕಾರ್ಖಾನೆಗಳು ಮಿಶನ್ನಿನ ಕೈಬಿಟ್ಟು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಗೆ ಹೋದುವು.

ಜಾತಿಯನ್ನು ಹೊರಗಿಟ್ಟ ಕೈಯೇ ಹಾಡನ್ನೂ ಹೊರಗಿಟ್ಟಿತು. ಸಭೆಗಳಲ್ಲಿ ಜರ್ಮನ್ ರಾಗಗಳಿಗೆ ಕನ್ನಡ ಮಾತು ಹೊಂದಿಸಿದ ಗೀತಗಳು ನೆಲೆಗೊಂಡುವು. ಕನ್ನಡ ಪಾಠ ಹೇಳುವ ನಮಗೆ ಇಲ್ಲಿ ಒಂದು ಸಂಗತಿ ಕೂಡಲೆ ಕಾಣುತ್ತದೆ. ಜರ್ಮನ್ ಪದ್ಯದ ನಡೆ ನಿಂತಿರುವುದು ಅಕ್ಷರದ ಮೇಲೆ ಬೀಳುವ ಒತ್ತಿನ ಮೇಲೆ. ಕನ್ನಡದ ನಡೆ ಲಘು ಗುರುಗಳ ಮಾತ್ರೆಯ ಮೇಲೆ. ರಾಗ ಎಳೆಯುವ ಸ್ಥಳದಲ್ಲಿ ಲಘು ಬಂದರೆ ಹಾಡುವವನು ಅದನ್ನು ಗುರು ಮಾಡಲೇಬೇಕು. ಆಗ ‘ಬಲ’ವು ‘ಬಾಲ’ವಾಗುತ್ತದೆ, ‘ಮನ’ವು ‘ಮಾನ’ವಾಗುತ್ತದೆ. ರೂಢಿಯಾದ ಕಿವಿಗೆ ಅದೇ ಇಂಪು, ಅದನ್ನು ಹಾಸ್ಯ ಮಾಡಬೇಕಾದುದಿಲ್ಲ. ಐದಾರು ತಲೆಮಾರಿನವರು ಹುಟ್ಟಿನಲ್ಲಿ, ಸಾವಿನಲ್ಲಿ ಹಾಡಿದ ರಾಗಗಳವು. ಆದರೂ ಹೊರಗೆ ನಿಂತು ಕೇಳುವ ಕನ್ನಡಿಗನಿಗೆ ಇವರು ಬೇರೆ ಜನವೆಂದು ತೋರಲು ಅಷ್ಟೇ ಸಾಕಾಗಿತ್ತು.

ವಿಶೇಷವೆಂದರೆ ಅದೇ ಮಿಶನ್ನಿನೊಳಗಿನ ಕೆಲವರು ಹೊರಗಿಟ್ಟ ಹಾಡನ್ನು ಬೇರೆ ಬಾಗಿಲಿನಿಂದ ಒಳಗೆ ಕರೆದರು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್ ಮುಂದೆ ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮೊದಲಾದುವನ್ನು ಅಚ್ಚು ಹಾಕಿಸಿದರು. ವೆಚ್ಚಕ್ಕೆ ನೆರವಾದವರು ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ನೀಲಗಿರಿಯ ಕೇತಿಯಲ್ಲಿ ನೆಲಸಿ 1849ರಲ್ಲಿ ತೀರಿಕೊಂಡವರು. ಕನ್ನಡಕ್ಕೆ ಹತ್ತಿರವಾದ ಬಡಗ ನುಡಿಯ ಜನರ ನಡುವೆ ಬಾಸೆಲ್ ಮಿಶನ್ ನಿಂತುದಕ್ಕೂ ಅವರೇ ಆಧಾರ. ವಿಠಲನನ್ನು ಹಾಡುವ ಪದಗಳನ್ನು ವಿಗ್ರಹಾರಾಧನೆಯನ್ನು ಖಂಡಿಸುವ ಮಿಶನ್ನಿನ ಅಚ್ಚುಮೊಳೆ ಮುದ್ರಿಸಿತು. ಜನದ ಮನಸ್ಸನ್ನು ಅರಿಯದೆ ಉಪದೇಶ ಮಾಡಲಾಗದು ಎಂಬ ಲೆಕ್ಕಾಚಾರ ಅದರಲ್ಲಿ ಇದ್ದೇ ಇತ್ತು. ಆದರೆ ಬರಿಯ ಲೆಕ್ಕಾಚಾರಕ್ಕಾಗಿ ಯಾರೂ ಇಷ್ಟು ಓಲೆಗಳನ್ನು ಹುಡುಕಿ ತಿದ್ದುವುದಿಲ್ಲ.

ಫೆರ್ಡಿನೆಂಡ್ ಕಿಟ್ಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1894ರ ನಿಘಂಟನ್ನು ಬಲ್ಲವರೆಲ್ಲ ಅವರ 1862ರ ‘ಕಥಾಮಾಲೆ’ಯನ್ನು ಬಲ್ಲವರಲ್ಲ. ಕ್ರಿಸ್ತನ ಕಥೆಯನ್ನು ನಮ್ಮ ದೇಶೀಯ ಛಂದಸ್ಸಿನಲ್ಲಿ ಹಾಡಲು ಬರುವಂತೆ ಬರೆದ ಕೃತಿ ಅದು. ಅನಂತರ 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ನಿಘಂಟಿನಲ್ಲಿ ಗಾದೆಗಳು ತುಂಬಿವೆ. ಗುಡಿ, ಭೂತ, ಜಾತಿ, ಬೈಗುಳ ಯಾವುದನ್ನೂ ಸೋಸಿ ಬಿಟ್ಟಿಲ್ಲ. ಸಭೆಯಲ್ಲಿ ತೀರ್ಪು ಕೊಡುವಾಗ ಆಯ್ಕೆ ಮಾಡಬಹುದು, ಕೋಶ ಬರೆಯುವವನಿಗೆ ಆ ಸ್ವಾತಂತ್ರ್ಯವಿಲ್ಲ. ಗಡಿಯಾಚೆಯ ನಮ್ಮ ಶಾಲೆಗಳಲ್ಲಿ ಮಾತೊಂದರ ಹಳೆಯ ಅರ್ಥಕ್ಕಾಗಿ ಕಿಟ್ಟೆಲರನ್ನು ತೆರೆಯುವಾಗ ನಾವು ಈ ಸಂಕಟವನ್ನು ನೆನೆಯುವುದಿಲ್ಲ, ಅಷ್ಟೆ.

ಬೈಬಲಿನ ಭಾಷಾಂತರಕಾರರಿಗಂತೂ ಇದು ಪ್ರತಿ ಪುಟದ ಸಂಕಟ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಬಂದಿತು. ಆದವಾನಿ, ರಾಯದುರ್ಗಗಳು ಆಗ ಅದೇ ಬಳ್ಳಾರಿ ಜಿಲ್ಲೆಯವು, ಬೇರೆಯಾದುದು 1953ರಲ್ಲಿ. ಯೆಹೂದ್ಯರ ಬಲಿಪೀಠಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಯಜ್ಞವೇದಿ’ ಎಂದು ನಿಂತಿತು. ಪೂರ್ತಿಯಾಗಿ ಸುಡುವ ಬಲಿಗೆ ‘ಸರ್ವಾಂಗಹೋಮ’ ಎಂದಾಯಿತು, ಅರ್ಪಿಸುವವನು ‘ಯಾಜಕ’ನಾದ. ವೈದಿಕ ಕರ್ಮವನ್ನು ಒಪ್ಪದವರು ವೈದಿಕ ಮಾತಿಲ್ಲದೆ ತಮ್ಮ ಶಾಸ್ತ್ರವನ್ನು ಹೇಳಲಾರದೆ ಹೋದರು. ‘ದೀಕ್ಷಾಸ್ನಾನ’ದಲ್ಲಿ ದೀಕ್ಷೆ ನಮ್ಮ ಮಠಗಳದು. ಕೆಥೋಲಿಕರ ‘ಪರಮಪ್ರಸಾದ’ವನ್ನು ಬಿಡಿಸಿ ಹೇಳಬೇಕಾದುದೇ ಇಲ್ಲ. ‘ಪಾಪ’ವೆಂಬ ಮಾತನ್ನು ನೋಡಿರಿ. ಕ್ರೈಸ್ತ ಬೋಧನೆಯಲ್ಲಿ ಅದು ಎಲ್ಲಕ್ಕಿಂತ ಭಾರವಾದ ಮಾತು. ನಮ್ಮ ಮನೆಗಳಲ್ಲಿ ‘ಅಯ್ಯೋ ಪಾಪ’ ಎಂದರೆ ಕನಿಕರ. ಪಾಪಿಯನ್ನು ಕಂಡು ಪಾಪವೆನ್ನುವ ಈ ನುಡಿ ಉಪದೇಶಕನಿಗೆ ಅಡ್ಡಿಯೋ ಸಹಾಯವೋ ಎಂಬುದು ವಿಚಾರ ಮಾಡತಕ್ಕದ್ದು.

ಇನ್ನೂ ಸೂಕ್ಷ್ಮವಾದುದು ‘ದೇವರು’ ಎಂಬ ಶಬ್ದ. ರೂಪದಲ್ಲಿ ಅದು ಬಹುವಚನ, ಬಳಕೆಯಲ್ಲಿ ಗೌರವವಾಚಕ. ‘ದೇವರು ಮಾಡಿದರು’ ಎಂದರೆ ಒಬ್ಬನೋ ಹಲವರೋ ಎಂಬ ಸಂದೇಹಕ್ಕೆ ಎಡೆಯಾಗುತ್ತದೆ. ‘ದೇವನು’ ಎಂದರೆ ಮನೆಮಾತಿನ ಸಲಿಗೆ ಹೋಗುತ್ತದೆ. ಹಳೆಯ ಕನ್ನಡ ಬೈಬಲಿನಲ್ಲಿ ಕರ್ತೃಪದ ‘ದೇವರು’, ಕ್ರಿಯಾಪದ ‘ಮಾಡಿದನು’ ಎಂಬಂತೆ ಏಕವಚನ. ವ್ಯಾಕರಣದ ಮೇಷ್ಟ್ರು ಕೆಂಪು ಗೆರೆ ಎಳೆಯುವ ಈ ಪ್ರಯೋಗದಲ್ಲಿ ಒಂದು ಮತದ ತಿರುಳೇ ಅಡಗಿದೆ. ಈಚಿನ ಕೆಲವು ಭಾಷಾಂತರಗಳು ‘ಮಾಡಿದರು’ ಎಂಬ ಗೌರವರೂಪಕ್ಕೆ ಬಂದಿವೆ. ನನ್ನ ಮಟ್ಟಿಗೆ ಹಳೆಯದೇ ಮೇಲು. ಅದರಲ್ಲಿ ಕಷ್ಟಪಟ್ಟವರ ಗುರುತು ಇದೆ.

ಈ ತನಕ ಹೇಳಿದವರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು. ಸಂಸ್ಕೃತಿಗೆ ನ್ಯಾಯ ಹೇಳುವವನು ಹೊರಗಿನಿಂದಲೇ ಬರಬೇಕೆ? ಈ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟವರು ರೆವರೆಂಡ್ ಚನ್ನಪ್ಪ ಉತ್ತಂಗಿಯವರು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಸಭೆಗಳಲ್ಲಿ ಪಾದ್ರಿಯಾಗಿ ದುಡಿದು, 1962ರಲ್ಲಿ ತೀರಿಕೊಂಡ ಅವರನ್ನು ಕನ್ನಡಿಗರು ನೆನೆಯುವುದು ಸರ್ವಜ್ಞನಿಂದಾಗಿ. ಓಲೆಗಳಿಂದಲೂ ಜನರ ಬಾಯಿಂದಲೂ ವರ್ಷಗಟ್ಟಲೆ ಆಯ್ದು ಕೂಡಿಸಿ 1924ರಲ್ಲಿ ಅವರು ಸರ್ವಜ್ಞನ ವಚನಗಳನ್ನು ಪ್ರಕಟಿಸಿದರು. ಕಲಬುರ್ಗಿಯಲ್ಲಿ ನಡೆದ 1949ರ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಕ್ರೈಸ್ತ ಪಾದ್ರಿಗೆ ಸರ್ವಜ್ಞನೇಕೆ ಎಂದು ಎರಡು ಕಡೆಯವರೂ ಕೇಳಿರಬಹುದು. ಕುಲದ ಹೆಮ್ಮೆಯನ್ನು, ಪೊಳ್ಳು ಆಚಾರವನ್ನು, ಕಪಟ ಗುರುಗಳನ್ನು ಹೀಗಳೆಯಲು ಬಾಸೆಲಿನಿಂದ ಹಡಗು ಬರಬೇಕಾಗಿರಲಿಲ್ಲ. ಊರೂರು ತಿರಿದು ತಿನ್ನುವ ತ್ರಿಪದಿಯ ಕವಿಯೊಬ್ಬ ಆ ಕೆಲಸವನ್ನು ಆಗಲೇ ಮಾಡಿದ್ದನು. ಉತ್ತಂಗಿಯವರು ತಮ್ಮ ಇನ್ನೊಂದು ಗ್ರಂಥಕ್ಕೆ ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಹೆಸರಿಟ್ಟರು. ಆಜ್ಞೆಯಲ್ಲ, ತೀರ್ಪಲ್ಲ, ವಿನಂತಿ. ಸಂಸ್ಕೃತಿಯನ್ನು ಕುರಿತ ಕ್ರೈಸ್ತ ದೃಷ್ಟಿ ಮಂಗಳೂರಿನ ಮೊದಲ ದಿನಗಳಿಂದ ಎಷ್ಟು ದೂರ ಬಂದಿತೆಂಬುದಕ್ಕೆ ಆ ಒಂದು ಶಬ್ದ ಸಾಕು.

ಎದುರು ದಿಕ್ಕಿನಿಂದಲೂ ನಡೆದವರುಂಟು. ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ರಚಿಸಿದರು. ಪಾದ್ರಿಗೆ ಸರ್ವಜ್ಞನು ಬೇಕಾದಂತೆ ಹಿಂದೂ ಕವಿಗೆ ಶಿಲುಬೆ ಬೇಕಾಯಿತು. ಇಬ್ಬರೂ ತಮ್ಮ ಮತವನ್ನು ಬಿಡಲಿಲ್ಲ.

ಕಥೆ ಇಲ್ಲಿಗೇ ನಿಂತಿದ್ದರೆ ಬಹಳ ಸುಖವಾಗಿರುತ್ತಿತ್ತು. ಆದರೆ ಒಂದೇ ಬಟ್ಟಲಿನಿಂದ ಕುಡಿದವರು ಮದುವೆಯ ಮಾತು ಬಂದಾಗ ಹಳೆಯ ಕುಲವನ್ನೇ ವಿಚಾರಿಸಿದರು. ಪರಿಶಿಷ್ಟ ಜಾತಿಗಳ 1950ರ ಆಜ್ಞೆ ಹಿಂದೂಗಳಿಗೆ ಮಾತ್ರ ಅನ್ವಯಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದಾಗಲೂ ಕ್ರೈಸ್ತರು ಹೊರಗುಳಿದರು. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲವೆಂಬ ಸಭೆಯ ಹೆಮ್ಮೆಯ ಮಾತೇ ದಲಿತ ಕ್ರೈಸ್ತನ ಅರ್ಜಿಗೆ ಎದುರುವಾದವಾಯಿತು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲರು ಮಾಡಿದ ಭಾಷಣದಿಂದ ಮೊದಲಾಗಿ ದಲಿತ ದೇವಶಾಸ್ತ್ರವೆಂಬ ಹೊಸ ವಿಚಾರಧಾರೆ ಬೆಳೆಯಿತು. ಅದು ಕೇಳಿದ ಪ್ರಶ್ನೆ ಸಂಸ್ಕೃತಿಯ ಪ್ರಶ್ನೆಯ ಬುಡಕ್ಕೇ ತಗಲಿತು.

ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದು, ಲ್ಯಾಟಿನ್ನಿನ ಬದಲು ದೇಶಭಾಷೆಗಳಲ್ಲಿ ಪೂಜೆ ಮಾಡಲು ದಾರಿ ತೆರೆಯಿತು. ಬೆಂಗಳೂರಿನಲ್ಲಿ ಫಾದರ್ ಅಮಲೋರ್‌ಪವದಾಸರ ನೇತೃತ್ವದಲ್ಲಿ ನಡೆದ ಕೇಂದ್ರವು ಕೆಥೋಲಿಕ್ ಪೂಜಾವಿಧಿಗೆ ಭಾರತೀಯ ರೂಪ ಕೊಡುವ ಕೆಲಸದಲ್ಲಿ ಮುಂದೆ ನಿಂತಿತು. ನೆಲದ ಮೇಲೆ ಕುಳಿತುಕೊಳ್ಳುವುದು, ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮುಂತಾದ ಹನ್ನೆರಡು ಮಾರ್ಪಾಡುಗಳಿಗೆ 1969ರಲ್ಲಿ ರೋಮಿನ ಒಪ್ಪಿಗೆ ಬಂದಿತು. ನೊಬಿಲಿಯ ಆತ್ಮಕ್ಕೆ ತೃಪ್ತಿಯಾಗಿರಬೇಕು. ಆದರೆ ದಲಿತ ಕ್ರೈಸ್ತರು ಕೇಳಿದರು: ಆರತಿಯ ತಟ್ಟೆ ಯಾವ ಗುಡಿಯಿಂದ ಬಂದಿತು? ನಮ್ಮ ಅಜ್ಜ ಅಜ್ಜಿಯರನ್ನು ಹೊಸ್ತಿಲು ದಾಟಗೊಡದ ಗುಡಿಯಿಂದಲ್ಲವೆ? ಭಾರತೀಯವೆಂದರೆ ವೀಣೆಯೇ ಏಕೆ, ತಮಟೆ ಏಕಲ್ಲ? ಸತ್ತ ದನದ ಚರ್ಮದ್ದೆಂದು ದೂರವಿಟ್ಟ ಆ ವಾದ್ಯವನ್ನು ಪೀಠದ ಬಳಿಗೆ ತರಬೇಕೆಂದು ಕೆಲವರು, ಬಿಡುಗಡೆ ಹೊಂದಿ ಬಂದ ಕಸುಬಿನ ಗುರುತನ್ನು ಮತ್ತೆ ಕೈಗೆ ಕೊಡಬೇಡಿರೆಂದು ಅದೇ ಕೇರಿಯ ಹಿರಿಯರು. ಹಿರಿಯರಿಗೆ ಜರ್ಮನ್ ರಾಗವೇ ಬಿಡುಗಡೆಯ ಹಾಡು. ಮೊಮ್ಮಕ್ಕಳಿಗೆ ಅದು ಪರರ ಹಾಡು. ಈ ವಾದ ಇನ್ನೂ ಮುಗಿದಿಲ್ಲ.